ಇಟ್ಟಿಗೆ ಒಲೆಗೆ ರೇಡಿಯೇಟರ್ ಜೋಡಿಸೋ ಮುಂಚೆ ಇದನ್ನ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದ್ರೂ ಬರೀತೀನಿ, ಇನ್ನೊಬ್ಬರ ಮನೇಲಿ ಹೀಗಾಗಬಾರದು.

ನಮ್ಮದು ಮನೆ ಬೆಚ್ಚಗಿಡೋ ದೊಡ್ಡ ಇಟ್ಟಿಗೆ ಒಲೆ. ಒಂದೆರಡು ಗಂಟೆ ಜೋರಾಗಿ ಉರಿಸಿದ್ರೆ ಮಾರನೇ ದಿನದವರೆಗೂ ಬೆಚ್ಚಗಿರುತ್ತೆ. ಅದರೊಳಗೆ ಕಾಯಿಲ್, ಅಂದ್ರೆ ನೀರು ಕಾಯಿಸೋ ಪೈಪಿನ ಸುರುಳಿ, ಕೂರಿಸಿ ಬಿಸಿನೀರನ್ನ ಕೋಣೆ ಬೆಚ್ಚಗೆ ಮಾಡೋ ರೇಡಿಯೇಟರ್‌ಗಳಿಗೆ ಬಿಡೋಣ ಅಂದ ಒಲೆ ಕಟ್ಟುವವನು. "ಎರಡು ಪೈಪು, ಒಂದು ಪಂಪು, ಅಷ್ಟೇ ಸಾರ್." ನಾನೂ ಅಷ್ಟೇ ಅಂದ್ಕೊಂಡೆ.

ಮೂರನೇ ವಾರ, ರಾತ್ರಿ, ಒಲೆ ಧಗಧಗ ಉರೀತಿರುವಾಗ ಕರೆಂಟ್ ಹೋಯ್ತು. ಪಂಪ್ ನಿಂತಿತು. ಪೈಪೊಳಗೆ ಸುತ್ತಿಗೇಲಿ ಕುಟ್ಟಿದ ಹಾಗೆ ಸದ್ದು. ನೋಡ್ತಾ ಇದ್ದ ಹಾಗೇ ಒತ್ತಡ 3 ಬಾರ್ ದಾಟಿದ್ರೆ ತೆರೆಯೋ ಸೇಫ್ಟಿ ವಾಲ್ವ್ ತೆರೆದು ಕುದಿನೀರು, ಹಬೆ ಎಲ್ಲ ನೆಲಕ್ಕೆ ಸಿಡೀತು. ಒಂದು ನಿಮಿಷ ಮುಂಚೆ ಮಗಳು ಅಲ್ಲೇ ಕೂತಿದ್ಳು. ಅಲ್ಲೇ!

ಒಲೆ ಕಟ್ಟಿದವನಿಗೆ ಫೋನ್ ಮಾಡಿದ್ರೆ, "ಕಟ್ಟಿಗೆ ಜಾಸ್ತಿ ಹಾಕಿರ್ತೀರಿ. ಕರೆಂಟ್ ಹೋದ್ರೆ ನಾನೇನ್ ಮಾಡ್ಲಿ?"

ಬೇರೆ ಮೆಕ್ಯಾನಿಕ್ ಬಂದ. ಪೈಪಿನ ಜಾಡು ಹಿಡಿದು ಮನೆಯೆಲ್ಲ ಓಡಾಡಿ, "ಬಫರ್ ಟ್ಯಾಂಕ್ ಎಲ್ಲಿ?" ಅಂದ. ಆ ಹೆಸರನ್ನ ನಾನು ಕೇಳಿದ್ದೇ ಆವತ್ತು. ಎರಡು ಗಂಟೇಲಿ ಹುಟ್ಟೋ ಅಷ್ಟೂ ಶಾಖ ಹಿಡಿದಿಡೋದೇ ಆ ಟ್ಯಾಂಕ್ ಅಂತೆ. ಕರೆಂಟ್ ಇಲ್ಲದಾಗ ತಾನಾಗಿ ತಣ್ಣೀರು ಹರಿಸೋ ಥರ್ಮಲ್ ವಾಲ್ವೂ ಇಲ್ಲ. ಆಮೇಲೆ ಕ್ಲೀನಿಂಗ್ ಬಾಗಿಲು ತೆಗೆದು ಟಾರ್ಚ್ ಬಿಟ್ಟ. ಕಾಯಿಲ್ ಮೇಲೆ ಹೊಳೆಯೋ ಕಪ್ಪು ಟಾರು, ರಸ್ತೆಗೆ ಹಾಕೋ ಡಾಂಬರಿನ ಥರ. ಬೆರಳಿಗೆ ಅಂಟಿತು. ರೇಡಿಯೇಟರ್‌ಗಳಿಂದ ಕಾಯಿಲ್‌ಗೆ ವಾಪಸ್ ಬರೋ ನೀರು 55-60 ಡಿಗ್ರಿಗಿಂತ ತಣ್ಣಗಿದ್ರೆ ಹೊಗೆ ಅಲ್ಲೇ ಹನಿಗಟ್ಟುತ್ತಂತೆ, ವಾಪಸ್ ನೀರಿಗೆ ಬಿಸಿನೀರು ಬೆರೆಸಿ ಅದನ್ನ ತಡೆಯೋ ಮಿಕ್ಸಿಂಗ್ ವಾಲ್ವನ್ನೂ ಹಾಕಿಲ್ಲ. ಇದೇ ಟಾರು ಚಿಮಣಿಯಲ್ಲಿ ಹೊತ್ಕೊಂಡಿದ್ರೆ?

ಮತ್ತೆ ಫೋನ್ ಮಾಡಿದೆ. ಅವನ ಮಾತು ಇನ್ನೂ ಕಿವೀಲಿದೆ: "ಅದೆಲ್ಲ ಕೊಟೇಶನ್‌ನಲ್ಲಿ ಇರ್ಲಿಲ್ವಲ್ಲ ಸಾರ್. ನೀವು ಕೇಳ್ಲೇ ಇಲ್ಲ." ನಾನು ಕೇಳಬೇಕಿತ್ತಂತೆ! ಗೊತ್ತಿದ್ದವನು ಅವನು, ದುಡ್ಡು ತಗೊಂಡವನು ಅವನು, ಕೇಳಬೇಕಾದವನು ನಾನು!

ದಯವಿಟ್ಟು ಒಲೆ ಕಟ್ಟುವವನೊಬ್ಬನ ಮಾತು ನಂಬಿ ನೀರಿನ ಕೆಲಸ ಮಾಡಿಸ್ಬೇಡಿ. ಟ್ಯಾಂಕ್, ಥರ್ಮಲ್ ವಾಲ್ವ್, ಮಿಕ್ಸಿಂಗ್ ವಾಲ್ವ್ ಮೂರೂ ಕಾಗದದ ಮೇಲೆ ಬರೆಸ್ಕೊಳ್ಳಿ. ಕರೆಂಟ್ ಹೋದ್ರೆ ಶಾಖ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಸರಿಯಾಗಿ ಹೇಳದಿದ್ರೆ ಮನೆಯಿಂದ ಕಳಿಸಿ.

ನಮ್ಮ ಒಲೆ ಈಗ ತಣ್ಣಗೆ ಕೂತಿದೆ. ಕಾಯಿಲ್ ತೆಗೀಬೇಕಂದ್ರೆ ಮುಂದಿನ ಗೋಡೆ ಒಡೀಬೇಕಂತೆ. ಒಡೆಯೋದಕ್ಕೂ ಅದೇ ಮನುಷ್ಯ ಬೇರೆ ದುಡ್ಡು ಕೇಳ್ತಿದ್ದಾನೆ.