ಹೀಟ್ ಪ್ರೆಸ್ ಮುದ್ರಣಕ್ಕೆ ಯಾವ ಸಾಮಗ್ರಿ: ಸಬ್ಲಿಮೇಶನ್, ವಿನೈಲ್, ಡಿಟಿಎಫ್

ಶಾಖ ಮತ್ತು ಒತ್ತಡದಿಂದ ಚಿತ್ರವನ್ನು ಬಟ್ಟೆಗೆ ವರ್ಗಾಯಿಸುವ ಯಂತ್ರವೇ ಹೀಟ್ ಪ್ರೆಸ್. ಅದಕ್ಕೆ ಸಾಮಗ್ರಿ ಕೊಳ್ಳುವ ಮೊದಲು ಟೀ ಶರ್ಟಿನ ಬಟ್ಟೆ ಯಾವುದು, ಬಣ್ಣ ಯಾವುದು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಉಳಿದ ಆಯ್ಕೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಕಾಗದದ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವ ಸಬ್ಲಿಮೇಶನ್ ಶಾಯಿಯು ಸುಮಾರು 190ರಿಂದ 205 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅನಿಲರೂಪ ತಾಳಿ ಪಾಲಿಯೆಸ್ಟರ್ ಎಳೆಯೊಳಗೇ ಇಳಿಯುವುದರಿಂದ, ಚಿತ್ರವು ಕೈಗೆ ಪದರವಾಗಿ ತಗಲುವುದಿಲ್ಲ, ಒಗೆತದಲ್ಲಿ ಬಿರುಕು ಬಿಡುವುದೂ ಇಲ್ಲ. ಆದರೆ ಹತ್ತಿಯನ್ನು ಅದು ಹಿಡಿಯುವುದಿಲ್ಲ, ಬಿಳಿ ಶಾಯಿಯಿಲ್ಲದ ಕಾರಣ ಕಪ್ಪು ಬಟ್ಟೆಯ ಮೇಲೆ ಕಾಣುವುದೂ ಇಲ್ಲ. ತಿಳಿಬಣ್ಣದ ಪಾಲಿಯೆಸ್ಟರ್ ಕ್ರೀಡಾ ಉಡುಪಿಗೆ ಇದಕ್ಕಿಂತ ಉತ್ತಮವಾದುದನ್ನು ನಾನು ಸೂಚಿಸಲಾರೆ.

ಹೆಸರು, ಸಂಖ್ಯೆ, ಒಂದೇ ಬಣ್ಣದ ಲಾಂಛನಗಳಿಗೆ ವಿನೈಲ್, ಅಂದರೆ ಆಕಾರಕ್ಕೆ ಕತ್ತರಿಸಿ ಶಾಖದಿಂದ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ, ಸಾಕು. ಕತ್ತರಿಸುವಾಗ ವಿನ್ಯಾಸವನ್ನು ಕನ್ನಡಿಬಿಂಬವಾಗಿ ತಿರುಗಿಸಬೇಕು. ಸೂಕ್ಷ್ಮ ಚಿತ್ರಗಳಲ್ಲಿ ಹೆಚ್ಚುವರಿ ಭಾಗವನ್ನು ಕೀಳುವ ಕೆಲಸ ತಾಳ್ಮೆಯನ್ನೇ ಪರೀಕ್ಷಿಸುತ್ತದೆ.

ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಎಂದರೆ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ ಬಳಿಕ ಬಟ್ಟೆಗೆ ಒತ್ತುವ ವಿಧಾನ. ಈ ಹಾಳೆಯಲ್ಲಿ ಬಣ್ಣದ ಹಿಂದೆ ಬಿಳಿ ಶಾಯಿಯ ಪದರವೂ ಕರಗುವ ಅಂಟುಪುಡಿಯೂ ಇರುವುದರಿಂದ ಹತ್ತಿ, ಪಾಲಿಯೆಸ್ಟರ್, ಮಿಶ್ರ ನೂಲು, ಗಾಢ ಬಣ್ಣ ಎಲ್ಲಕ್ಕೂ ಒಗ್ಗುತ್ತದೆ. ಆದರೂ ದೊಡ್ಡ ಚಿತ್ರವು ಗಾಳಿಯಾಡದ ಪದರವಾಗಿ ಎದೆಯ ಮೇಲೆ ಕೂರುತ್ತದೆಂಬುದನ್ನು ಮರೆಯಬಾರದು. ಮುದ್ರಕ ಯಂತ್ರವನ್ನೇ ಕೊಂಡರೆ ಬಿಳಿ ಶಾಯಿ ತಳಕ್ಕಿಳಿದು ನಳಿಕೆ ಕಟ್ಟಿಕೊಳ್ಳುವ ತೊಂದರೆಯಿದೆ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಆರಂಭಿಸುವವರು ಮುದ್ರಿತ ಹಾಳೆಗಳನ್ನೇ ತರಿಸಿಕೊಳ್ಳುವುದು ಲೇಸು.

ಸಾಮಾನ್ಯ ಇಂಕ್‌ಜೆಟ್ ವರ್ಗಾವಣೆ ಕಾಗದ ಅಭ್ಯಾಸಕ್ಕೆ ಸರಿ, ಮಾರಾಟಕ್ಕಲ್ಲ.

ಯಾವುದನ್ನೇ ಆರಿಸಿದರೂ ಹಾಳೆಯನ್ನು ಬಿಸಿಯಲ್ಲೇ ಕೀಳಬೇಕೋ ತಣಿದ ಮೇಲೋ ಎಂಬ ತಯಾರಕರ ಸೂಚನೆಯನ್ನು ಓದಿ, ಒಂದು ಹಳೆಯ ಬಟ್ಟೆಯ ಮೇಲೆ ಒತ್ತಿ, ಒಗೆದು ನೋಡಿಯೇ ಹೆಚ್ಚಿನ ಸರಕು ಕೊಳ್ಳಿರಿ.