ಶಿವಮೊಗ್ಗದ ಜನೌಷಧಿ ಕೇಂದ್ರ: ಆರು ವರ್ಷಗಳ ಗಿರಾಕಿಯೊಬ್ಬನ ವಿಮರ್ಶೆ

ಪ್ರತಿ ತಿಂಗಳ ಮೊದಲ ವಾರ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೊರಟು ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರುವಾಗ ನನ್ನ ಕಿಸೆಯಲ್ಲಿ ಎರಡು ಔಷಧಿ ಚೀಟಿಗಳಿರುತ್ತವೆ. ಒಂದು ಎಂಬತ್ತನಾಲ್ಕು ವರ್ಷದ ನನ್ನ ತಾಯಿಯದು: ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್, ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್. ಇನ್ನೊಂದು ನನ್ನದು: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್. ಆರು ವರ್ಷಗಳಿಂದ ಈ ಐದೂ ಮಾತ್ರೆಗಳನ್ನು ನಾನು ನಗರದ ಒಂದು ಜನೌಷಧಿ ಕೇಂದ್ರದಲ್ಲಿ, ಅಂದರೆ ಕೇಂದ್ರ ಸರ್ಕಾರದ ಯೋಜನೆಯಡಿ ಕಡಿಮೆ ಬೆಲೆಗೆ ಔಷಧಿ ಮಾರುವ ಅಂಗಡಿಯಲ್ಲಿ, ಕೊಳ್ಳುತ್ತಿದ್ದೇನೆ. ಈ ಅಂಗಡಿಯ ಗುಣದೋಷಗಳನ್ನು ಹೇಳಹೊರಟರೆ ಅದರ ಹಿಂದಿರುವ ಸರ್ಕಾರದ ನೀತಿಯ ಗುಣದೋಷಗಳನ್ನೂ ಹೇಳಬೇಕಾಗುತ್ತದೆ, ಏಕೆಂದರೆ ಆ ನೀತಿ ಇಲ್ಲದಿದ್ದರೆ ಈ ಅಂಗಡಿಯೇ ಇರುತ್ತಿರಲಿಲ್ಲ.

ಅಂಗಡಿ ಚಿಕ್ಕದು. ಕೇಂದ್ರ ತೆರೆಯಲು 120 ಚದರ ಅಡಿ ಜಾಗ ಸಾಕು ಎನ್ನುವುದು ಯೋಜನೆಯ ನಿಯಮ, ಇದು ಅದಕ್ಕಿಂತ ತುಸು ದೊಡ್ಡದಿರಬಹುದು. ಗೋಡೆಯುದ್ದಕ್ಕೂ ಬಿಳಿ ಪೆಟ್ಟಿಗೆಗಳ ಸಾಲು, ಮುಂದೊಂದು ಮೇಜು, ಹೊರಗೆ ವಯಸ್ಸಾದವರಿಗೆ ಕೂರಲು ಒಂದು ಬೆಂಚು. ಔಷಧಿ ಕೊಡುವವರು ಫಾರ್ಮಸಿ ಓದಿದ, ನಮ್ಮ ಜಿಲ್ಲೆಯವರೇ ಆದ ಒಬ್ಬ ಹೆಣ್ಣುಮಗಳು. ಮೊದಲ ದಿನ ನಾನು ಹಳೆಯ ಖಾಲಿ ಸ್ಟ್ರಿಪ್ಪುಗಳನ್ನು ಮೇಜಿನ ಮೇಲಿಟ್ಟು ಇವೇ ಬೇಕೆಂದಾಗ, ಅವರು ಅವುಗಳ ಹಿಂಬದಿಯನ್ನು ತಿರುಗಿಸಿ, "ಮೇಷ್ಟ್ರೆ, ದೊಡ್ಡಕ್ಷರದಲ್ಲಿರೋದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ಇದೆಯಲ್ಲ, ಅದು ಔಷಧಿ ಹೆಸರು. ಅದನ್ನ ನೋಡ್ಕೊಳ್ಳಿ" ಎಂದು ತೋರಿಸಿಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದುವರೆಗೆ ಈ ವಿಷಯವನ್ನು ಯಾರೂ ಹೇಳಿರಲಿಲ್ಲ. ಅಷ್ಟು ತಾಳ್ಮೆಯಿಂದ ಅವರು ಎಲ್ಲರಿಗೂ ವಿವರಿಸುವುದನ್ನು ಅಂದಿನಿಂದ ನೋಡುತ್ತ ಬಂದಿದ್ದೇನೆ.

ಬೆಲೆಯ ವ್ಯತ್ಯಾಸ ದೊಡ್ಡದು. ಮೊದಲು ಇಬ್ಬರ ಮಾತ್ರೆಗೆ ತಿಂಗಳಿಗೆ ಸಾವಿರ ರೂಪಾಯಿಯ ಆಚೀಚೆ ಆಗುತ್ತಿತ್ತು. ಈಗ ಅದು ಇನ್ನೂರೈವತ್ತರೊಳಗೆ ಮುಗಿಯುತ್ತದೆ. ಬ್ರ್ಯಾಂಡ್ ಔಷಧಿಗಳಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ ಎಂದು ಸರ್ಕಾರ ಹೇಳುವ ಮಾತು ನನ್ನ ಚೀಟಿಗಳ ಮಟ್ಟಿಗೆ ನಿಜವಾಗಿದೆ. ಹೆಣ್ಣುಮಕ್ಕಳ 'ಸುವಿಧಾ' ಪ್ಯಾಡುಗಳು 2019ರ ಆಗಸ್ಟ್‌ನಿಂದ ಒಂದಕ್ಕೆ ಒಂದೇ ರೂಪಾಯಿಯಂತೆ ಇಲ್ಲಿ ಸಿಗುತ್ತಿವೆ. ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಅದನ್ನು ತಿಳಿಸಿದವರು ನನ್ನ ಹೆಂಡತಿ, ಈಗ ಪ್ರತಿ ತಿಂಗಳು ಅವರಿಗಾಗಿ ಒಂದು ಕಟ್ಟು ಹೆಚ್ಚಾಗಿಯೇ ತರಬೇಕಾಗುತ್ತದೆ.

ಆದರೆ ಇಷ್ಟು ಕಡಿಮೆ ಬೆಲೆಯೇ ನಮ್ಮ ಮನೆಯಲ್ಲಿ ಮೊದಲ ಅಡ್ಡಿಯೂ ಆಯಿತು. ತಾಯಿಯವರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇಷ್ಟು ಅಗ್ಗಕ್ಕೆ ಕೊಡೋ ಮಾತ್ರೆಯಲ್ಲಿ ಏನಿರ್ತದೋ ಮಾರಾಯ, ನಂಗೆ ಹಳೇದೇ ಇರಲಿ" ಎಂದರು. ಈ ಅನುಮಾನ ಅವರೊಬ್ಬರದಲ್ಲ, ಮಲೆನಾಡಿನ ಅನೇಕ ಮನೆಗಳಲ್ಲಿ ಇದೆ. ಅವರಿಗೆ ನಾನು ಅಡಿಕೆಯ ಮೂಲಕವೇ ತಿಳಿಸಿ ಹೇಳಿದೆ. ನಾವು ಮಂಡಿಗೆ ಕೊಟ್ಟ ಅಡಿಕೆ ಬಣ್ಣದ ಪೊಟ್ಟಣದಲ್ಲಿ ಕೂತು, ಜಾಹೀರಾತಿನ ಖರ್ಚನ್ನೂ ನಾಲ್ಕು ಕೈಗಳ ಲಾಭವನ್ನೂ ಹೊತ್ತುಕೊಂಡು ಮತ್ತೆ ನಮ್ಮೂರಿನ ಅಂಗಡಿಗೆ ಬರುವಾಗ ಅದರ ಬೆಲೆ ಎಷ್ಟಾಗಿರುತ್ತದೆಂಬುದು ಅವರಿಗೆ ಗೊತ್ತು. ಮಾತ್ರೆಯ ಕತೆಯೂ ಅದೇ. ಪೇಟೆಂಟ್, ಅಂದರೆ ಕಂಡುಹಿಡಿದ ಕಂಪನಿಗೆ ಮಾತ್ರ ಇರುವ ತಯಾರಿಕೆಯ ಹಕ್ಕಿನ, ಅವಧಿ ಮುಗಿದ ಔಷಧಿಯನ್ನು ಯಾವ ಪರವಾನಗಿ ಪಡೆದ ತಯಾರಕನಾದರೂ ಮಾಡಬಹುದು. ಒಳಗಿನ ಮೂಲ ಔಷಧಿಯೂ ಪ್ರಮಾಣವೂ ಒಂದೇ. ಮಾತ್ರೆಯ ಬಣ್ಣ, ಆಕಾರ, ಗಟ್ಟಿ ಮಾಡಲು ಬೆರೆಸುವ ಪದಾರ್ಥಗಳು ಮಾತ್ರ ಬೇರೆಯಾಗಬಹುದು. ಬ್ರ್ಯಾಂಡಿನ ಬೆಲೆಯಲ್ಲಿ ವೈದ್ಯರಿಂದ ವೈದ್ಯರಿಗೆ ತಿರುಗುವ ಪ್ರತಿನಿಧಿಗಳ ಸಂಬಳ, ಪ್ರಚಾರ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಪಾಲು ಎಲ್ಲವೂ ಸೇರಿರುತ್ತವೆ. ಜನೌಷಧಿಯ ಔಷಧಿಗಳನ್ನು ಸರ್ಕಾರದ ಸಂಸ್ಥೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಉತ್ತಮ ತಯಾರಿಕಾ ಪದ್ಧತಿಯ ಪ್ರಮಾಣಪತ್ರವಿರುವ ತಯಾರಕರಿಂದ ಟೆಂಡರ್ ಮೂಲಕ ಕೊಳ್ಳುತ್ತದೆ. ಒಮ್ಮೆಗೆ ತಯಾರಾದ ಪ್ರತಿಯೊಂದು ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕೇಂದ್ರಗಳಿಗೆ ಕಳುಹಿಸಬೇಕೆಂಬುದು ನಿಯಮ. ತಾಯಿಯವರು ಮೂರು ತಿಂಗಳು ನುಂಗಿದರು, ವೈದ್ಯರು ರಕ್ತದೊತ್ತಡ ನೋಡಿ ಮೊದಲಿನಂತೆಯೇ ಹತೋಟಿಯಲ್ಲಿದೆ ಎಂದರು. ಆಮೇಲೆ ಆ ಮಾತು ಮತ್ತೆ ಏಳಲಿಲ್ಲ.

ಆದರೂ ಗುಣಮಟ್ಟದ ಬಗ್ಗೆ ಆತಂಕಪಡುವವರನ್ನು ನಾನು ಅಲ್ಲಗಳೆಯಲಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆಯೇ ಸಂಶಯ ಬಂದದ್ದು ಇಡೀ ರಾಜ್ಯವನ್ನು ನಡುಗಿಸಿತು. ಅದು ಜನೌಷಧಿಯ ಸಂಗತಿಯಲ್ಲ, ನಿಜ. ಆದರೆ ಔಷಧಿಯ ಪೊಟ್ಟಣವನ್ನು ನಂಬಿ ತೆರೆಯುವ ಪ್ರಜೆಗೆ ಅದು ಯಾರ ಮೂಲಕ ಬಂತು ಎನ್ನುವುದು ಮುಖ್ಯವಾಗುವುದಿಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದನ್ನು ಎಲ್ಲ ಔಷಧಿ ಅಂಗಡಿಗಳ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಲಿ ಎಂಬುದು ನನ್ನ ಒತ್ತಾಯ. ಬಲವಾದ ಸರ್ಕಾರವೆಂದರೆ ಇಂಥಲ್ಲಿ ಬಲ ತೋರಿಸಬೇಕು. ಕಳಪೆ ಔಷಧಿ ಮಾಡಿದವನಿಗೆ ದಂಡದ ರಸೀದಿ ಹರಿದುಕೊಟ್ಟು ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ರಾಜಕೀಯ ನಿಲುವನ್ನು ಮುಚ್ಚಿಟ್ಟು ಈ ವಿಮರ್ಶೆ ಬರೆಯುವುದು ಪ್ರಾಮಾಣಿಕತೆಯಾಗದು. ನಾನು ಹಳೆಯ ಪದ್ಧತಿಯ ಮನುಷ್ಯ. ದುಡಿಯಬಲ್ಲವರು ದುಡಿದು ತಿನ್ನಬೇಕು, ಮನೆಯ ಹಿರಿಯರ ಹೊಣೆ ಮೊದಲು ಮನೆಯವರದು, ಆಮೇಲೆ ಊರಿನದು, ಕೊನೆಗೆ ಸರ್ಕಾರದ್ದು ಎಂದು ನಂಬಿದವನು. ಕೇಂದ್ರದಲ್ಲಿ ಈಗಿರುವ ಸರ್ಕಾರಕ್ಕೆ ಮತ ಕೊಟ್ಟವನು. ಎಲ್ಲವನ್ನೂ ಉಚಿತವಾಗಿ ಹಂಚುವ ರಾಜಕೀಯ ನನಗೆ ಹಿಡಿಸುವುದಿಲ್ಲ. ಉಚಿತ ಯೋಜನೆಗಳನ್ನು ಬಳಸುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಮ್ಮ ಮನೆಯ ಹೆಂಗಸರೂ ಶಕ್ತಿ ಯೋಜನೆಯಲ್ಲಿ ಪ್ರಯಾಣ ಮಾಡಿದ್ದಾರೆ. ಆದರೆ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು ಮಾತ್ರ, ಅಲ್ಲಿನ ಹೆಂಗಸರು ಇಂದಿಗೂ ಟಿಕೆಟ್ ಕೊಂಡೇ ಓಡಾಡುತ್ತಾರೆ. ಜನೌಷಧಿ ಕೇಂದ್ರದಲ್ಲಿ ಅರ್ಜಿ ಇಲ್ಲ, ಆದಾಯ ಪ್ರಮಾಣಪತ್ರ ಇಲ್ಲ, ಜಾತಿ ಕೇಳುವುದಿಲ್ಲ, ಯಾವ ಮುಖಂಡನ ಶಿಫಾರಸೂ ಬೇಡ. ಕೂಲಿ ಮಾಡುವವನೂ ಹತ್ತೆಕರೆ ತೋಟದವನೂ ಒಂದೇ ಬೆಂಚಿನಲ್ಲಿ ಕೂತು, ತಮ್ಮ ತಮ್ಮ ದುಡ್ಡು ಕೊಟ್ಟು ರಸೀದಿ ಪಡೆದು ಹೋಗುತ್ತಾರೆ. ಬಡವನಾದರೂ ಕೈಯೊಡ್ಡದೆ ತಾಯಿಗೆ ಔಷಧಿ ತರಲು ಸಾಧ್ಯವಾಗುವುದು ನನ್ನ ಕಣ್ಣಿಗೆ ಬಹಳ ದೊಡ್ಡ ಸಂಗತಿ, ಮತ್ತು ಈ ಸೇವೆಯನ್ನು ನಾನು ಮೆಚ್ಚುವುದಕ್ಕೆ ಅಗ್ಗದ ಬೆಲೆಗಿಂತಲೂ ಇದೇ ಮೊದಲ ಕಾರಣ.

ನಡೆಸುವ ವಿಧಾನವೂ ನನಗೆ ಒಪ್ಪುವಂಥದ್ದು. ಸರ್ಕಾರವೇ ಕಟ್ಟಡ ಕಟ್ಟಿ, ನೌಕರರನ್ನು ನೇಮಿಸಿ, ನಷ್ಟ ತುಂಬುತ್ತ ಕೂತಿದ್ದರೆ ಈ ಅಂಗಡಿಗಳು ಹತ್ತು ವರ್ಷ ಬಾಳುತ್ತಿರಲಿಲ್ಲವೆಂದು ನನ್ನ ಅಂದಾಜು. ಇಲ್ಲಿ ಬಂಡವಾಳ ಹಾಕಿ ಅಂಗಡಿ ನಡೆಸುವವರು ಖಾಸಗಿ ವ್ಯಕ್ತಿಗಳು ಅಥವಾ ಸಂಘ ಸಂಸ್ಥೆಗಳು. ಅವರಿಗೆ ಮಾರಾಟ ಬೆಲೆಯ ಮೇಲೆ ಶೇಕಡಾ 20ರ ಲಾಭ, ಜೊತೆಗೆ ಖರೀದಿಗೆ ತಕ್ಕಂತೆ ತಿಂಗಳಿಗೆ ಗರಿಷ್ಠ 20,000 ರೂಪಾಯಿವರೆಗೆ ಪ್ರೋತ್ಸಾಹಧನ. ಹೆಚ್ಚು ಜನರಿಗೆ ಸೇವೆ ಕೊಟ್ಟವರಿಗೆ ಹೆಚ್ಚು ಆದಾಯ. ಫಾರ್ಮಸಿ ಓದಿ ಊರಲ್ಲೇ ಉಳಿಯಬಯಸುವ ಯುವಜನರಿಗೆ ಇದೊಂದು ದಾರಿ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರೇ ಉಳಿದಿರುವ ನಮ್ಮ ಕಡೆಯ ಮನೆಗಳನ್ನು ನೋಡಿದವರಿಗೆ ಅದರ ಬೆಲೆ ಅರ್ಥವಾದೀತು.

ಈ ಯೋಜನೆ ಹುಟ್ಟಿದ್ದೇ ಈಗಿನ ಕೇಂದ್ರ ಸರ್ಕಾರದಿಂದ ಎಂದು ನಾನು ಮತ ಕೊಟ್ಟ ಪಕ್ಷದ ಕಡೆಯವರೇ ತಪ್ಪು ಹೇಳುವುದನ್ನು ಕೇಳಿದ್ದೇನೆ. ಮೊದಲ ಜನೌಷಧಿ ಮಳಿಗೆ ಅಮೃತಸರದಲ್ಲಿ ತೆರೆದದ್ದು 2008ರ ನವೆಂಬರ್‌ನಲ್ಲಿ, ಮನಮೋಹನ್ ಸಿಂಗ್ ಅವರ ಸರ್ಕಾರದ ಕಾಲದಲ್ಲಿ. ಅವರಿಗೆ ಸಲ್ಲಬೇಕಾದದ್ದು ಅವರಿಗೆ ಸಲ್ಲಲಿ. ಆದರೆ ಆರು ವರ್ಷದಲ್ಲಿ ಅದು ಕೇವಲ 80 ಮಳಿಗೆಗಳಷ್ಟಕ್ಕೆ ನಿಂತಿತ್ತು. 2014ರ ನಂತರ ರಸಾಯನ ಮತ್ತು ರಸಗೊಬ್ಬರ ಸಚಿವರಾಗಿದ್ದ ನಮ್ಮ ಕರ್ನಾಟಕದ ಅನಂತಕುಮಾರ್ ಅವರು ಅದಕ್ಕೆ ಜೀವ ತುಂಬಿದರು. 2017ರಲ್ಲಿ ಹೃದಯದ ಸ್ಟೆಂಟ್ ಮತ್ತು ಮಂಡಿಯ ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿದ್ದೂ ಅವರ ಅವಧಿಯಲ್ಲೇ. 2025ರ ಆರಂಭಕ್ಕೆ ದೇಶದಲ್ಲಿ 15,000 ಕೇಂದ್ರಗಳಾದವು, ಕರ್ನಾಟಕದಲ್ಲಿಯೇ ಸಾವಿರಕ್ಕೂ ಹೆಚ್ಚಿವೆ. ಹಿಂದಿನವರು ನೆಟ್ಟ ಸಸಿಯನ್ನು ಕಿತ್ತೆಸೆಯದೆ ನೀರೆರೆದು ಬೆಳೆಸುವ ಈ ರೀತಿಯೇ ರಾಜಕೀಯದಲ್ಲಿ ನಾನು ಬಯಸುವಂಥದ್ದು.

ಹಾಗೆಂದೇ 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿದಾಗ ನನಗೆ ಬಹಳ ನೋವಾಯಿತು. ಆಸ್ಪತ್ರೆಯಲ್ಲಿ ಔಷಧಿಯನ್ನು ಉಚಿತವಾಗಿಯೇ ಕೊಡಬೇಕು, ಅಲ್ಲೇ ಮಾರಾಟದ ಅಂಗಡಿ ಇದ್ದರೆ ವೈದ್ಯರು ರೋಗಿಯನ್ನು ಅತ್ತ ಕಳುಹಿಸುತ್ತಾರೆ ಎಂಬುದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ದಾಸ್ತಾನಿನಲ್ಲಿ ಎಲ್ಲ ಔಷಧಿಯೂ ವರ್ಷವಿಡೀ ಇರುವುದಾದರೆ ಕೇಂದ್ರಕ್ಕೆ ಯಾರೂ ಹೋಗಲಾರರು, ಅದು ತಾನಾಗಿಯೇ ಬಾಗಿಲು ಹಾಕೀತು. ಇಲ್ಲದ ದಿನ ರೋಗಿ ಎಲ್ಲಿಗೆ ಹೋಗಬೇಕು? ಹೊಸನಗರದ ಕಡೆಯಿಂದಲೋ ಸೊರಬದಿಂದಲೋ ಮಳೆಯಲ್ಲಿ ಬಂದ ಮುದುಕ ಆಸ್ಪತ್ರೆಯ ಗೇಟು ದಾಟಿ ನಾಲ್ಕು ಪಟ್ಟು ಬೆಲೆಯ ಅಂಗಡಿ ಹುಡುಕಬೇಕೆ? ಅದೇ ವರ್ಷ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿದ್ದು ಸಮಾಧಾನ ತಂದಿತು. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇರುವುದು ಪ್ರಜಾಪ್ರಭುತ್ವದಲ್ಲಿ ಸಹಜ. ಅದರ ಜಗಳ ಮಾತ್ರೆಯ ಅಂಗಡಿಯ ತನಕ ಬರಬಾರದು. ಇದೇ ಮಾತನ್ನು ನಾನು ಮತ ಕೊಟ್ಟ ಪಕ್ಷಕ್ಕೂ ಹೇಳುತ್ತೇನೆ, ಔಷಧಿಯ ಅಂಗಡಿಯ ಫಲಕದ ಮೇಲೆ ಯಾವ ನಾಯಕನ ಚಿತ್ರವೂ ಬೇಡ. ಚಿತ್ರ ಇದ್ದಷ್ಟು ದಿನ ಎದುರು ಪಕ್ಷದವರಿಗೆ ಅದು ಅಂಗಡಿಯಾಗಿ ಕಾಣುವುದೇ ಇಲ್ಲ.

ಕೇಂದ್ರ ಸರ್ಕಾರ ಹಿಂಜರಿದ ಒಂದು ವಿಷಯವನ್ನೂ ಹೇಳಲೇಬೇಕು. ವೈದ್ಯರು ಔಷಧಿಯ ಮೂಲ ಹೆಸರನ್ನೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ಹೊರಡಿಸಿತು, ವೈದ್ಯರ ವಿರೋಧ ಬಂದ ಕೂಡಲೇ ಅದೇ ತಿಂಗಳು ಅದನ್ನು ತಡೆಹಿಡಿಯಿತು. ಚೀಟಿಯಲ್ಲಿ ಕಂಪನಿಯ ಹೆಸರಿದ್ದರೆ ಅದರ ಬದಲಿಗೆ ಬೇರೆ ತಯಾರಿಕೆಯನ್ನು ಔಷಧಿ ಅಂಗಡಿಯವರು ತಾವಾಗಿ ಕೊಡುವಂತಿಲ್ಲ ಎಂದು ಔಷಧ ನಿಯಮಗಳು ಹೇಳುತ್ತವೆ. ಹೀಗಿರುವಾಗ ಸಾವಿರಾರು ಕೇಂದ್ರ ತೆರೆದರೂ ಬೀಗದ ಕೀಲಿ ಚೀಟಿ ಬರೆಯುವವರ ಕೈಯಲ್ಲೇ ಉಳಿಯಿತು. ನಾನು ಒಬ್ಬ ಖಾಸಗಿ ವೈದ್ಯರಲ್ಲಿ ಮೂಲ ಹೆಸರು ಬರೆದುಕೊಡಿ ಎಂದು ವಿನಯದಿಂದ ಕೇಳಿದಾಗ, ಅವರು ಬೇಸರದಿಂದ ಚೀಟಿಯನ್ನು ಪಕ್ಕಕ್ಕೆ ಸರಿಸಿ ಮುಂದಿನ ರೋಗಿಯನ್ನು ಕರೆದರು. ನಾನು ಮೇಷ್ಟರಾಗಿದ್ದವನು, ಇನ್ನೊಬ್ಬ ವೈದ್ಯರನ್ನು ಹುಡುಕಿಕೊಂಡೆ. ಎದುರು ಮಾತನಾಡಿ ಗೊತ್ತಿಲ್ಲದ ಕೂಲಿಯವರು ಹಾಗೆ ಮಾಡಲಾರರು. ಗುಣಮಟ್ಟದ ಖಾತರಿ ಮೊದಲು ಬರಲಿ ಎಂಬ ವೈದ್ಯರ ಮಾತು ನ್ಯಾಯವಾದದ್ದೇ, ಆದರೆ ಆ ಖಾತರಿಗೆ ಕಾಲಮಿತಿ ಹಾಕಿ ನಿಯಮವನ್ನು ಮತ್ತೆ ತರುವ ದೃಢತೆಯನ್ನು ನಾನು ನನ್ನ ಸರ್ಕಾರದಿಂದ ನಿರೀಕ್ಷಿಸುತ್ತೇನೆ.

ಪೂರೈಕೆ ಈ ಯೋಜನೆಯ ದುರ್ಬಲ ಭಾಗ. ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಔಷಧಿಗಳಿವೆ, ಆದರೆ ಯಾವ ಕೇಂದ್ರದಲ್ಲೂ ಅವೆಲ್ಲ ಒಟ್ಟಿಗೆ ಇರುವುದಿಲ್ಲ. ಔಷಧಿಗಳು ಗುರುಗ್ರಾಮ, ಚೆನ್ನೈ ಮುಂತಾದ ಕಡೆಯ ಉಗ್ರಾಣಗಳಿಂದ ವಿತರಕರ ಮೂಲಕ ಬರಬೇಕು. ತಾಲ್ಲೂಕಿನ ಸಣ್ಣ ಊರುಗಳಲ್ಲಿ ಕಾಯುವುದು ಹೆಚ್ಚು ಎನ್ನುವ ಕಾರಣಕ್ಕೇ ನಾನು ಶಿವಮೊಗ್ಗದಲ್ಲಿ ಕೊಳ್ಳುವುದು. 'ಜನೌಷಧಿ ಸುಗಮ್' ಆ್ಯಪಿನಲ್ಲಿ ಔಷಧಿಯ ಬೆಲೆಯನ್ನೂ ಹತ್ತಿರದ ಕೇಂದ್ರವನ್ನೂ ನೋಡಬಹುದು. ಹೊಸಬರು ಔಷಧಿ ಮುಗಿಯುವ ಹತ್ತು ದಿನ ಮೊದಲೇ ಹೋಗಿ ಹೇಳಿಟ್ಟು ಬರುವುದು ಒಳ್ಳೆಯದು. ಬೇಕಾದ ಮಾತ್ರೆ ಇಲ್ಲವೆಂದು ರಕ್ತದೊತ್ತಡದ ಔಷಧಿಯನ್ನು ಒಂದು ದಿನವೂ ಬಿಡಬಾರದು, ಅಂದು ಬೇರೆ ಅಂಗಡಿಯಲ್ಲಿ ನಾಲ್ಕು ಮಾತ್ರೆಯಾದರೂ ಕೊಂಡುಕೊಳ್ಳಬೇಕು.

ಕೊನೆಯ ಕೊರತೆ ಭಾಷೆಯದು, ಮತ್ತು ನನಗೆ ಅದೇ ಹೆಚ್ಚು ನೋಯುತ್ತದೆ. ನಾನು ತರುವ ಪೊಟ್ಟಣಗಳ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ಔಷಧಿಯ ಹೆಸರು ಕನ್ನಡ ಲಿಪಿಯಲ್ಲಿರಲಿ, ಯಾವ ಕಾಯಿಲೆಗೆ ಎಂದು ಒಂದು ಪದವಿರಲಿ ಎಂದು ಕೇಳುವುದು ದೇಶದ ಏಕತೆಗೆ ವಿರುದ್ಧವಾದ ಮಾತಲ್ಲ. ರಾಷ್ಟ್ರವನ್ನು ಪ್ರೀತಿಸುವ ಸರ್ಕಾರಕ್ಕೆ ಮಲೆನಾಡಿನ ಮೂಲೆಯ ಮನೆಯಲ್ಲಿ ಕುಳಿತ ಮುದುಕಿಯೂ ರಾಷ್ಟ್ರವೇ. ಒಂದೇ ಬಿಳುಪಿನ, ಒಂದೇ ಗಾತ್ರದ ಎರಡು ಸ್ಟ್ರಿಪ್ಪುಗಳನ್ನು ನನ್ನ ತಾಯಿ ಒಮ್ಮೆ ಅದಲು ಬದಲು ಮಾಡಿಕೊಂಡಿದ್ದರು. ಅಂದಿನಿಂದ ಶಿವಮೊಗ್ಗದಿಂದ ಬಂದ ಸಂಜೆ ನಾನು ಶಾಲೆಯ ನೋಟುಪುಸ್ತಕದ ಹಾಳೆ ಕತ್ತರಿಸಿ, ದಪ್ಪ ಅಕ್ಷರದಲ್ಲಿ 'ಬಿಪಿ, ಬೆಳಿಗ್ಗೆ', 'ಹೊಟ್ಟೆಗೆ, ತಿಂಡಿಗೆ ಮೊದಲು', 'ಕೊಬ್ಬು, ರಾತ್ರಿ' ಎಂದು ಬರೆದು ಪ್ರತಿ ಸ್ಟ್ರಿಪ್ಪಿನ ಬೆನ್ನಿಗೂ ಅಂಟಿಸುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿ, ಡಬ್ಬಿಯೊಳಗೆ ಇಟ್ಟುಕೊಳ್ಳುತ್ತಾರೆ.