ಡಯಲ್-ಅಪ್ ಅಂದು, ಫೈಬರ್ ಇಂದು: ಮನೆ ಇಂಟರ್ನೆಟ್ ಸೇವೆಯ ವಿಮರ್ಶೆ

ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ದೂರಸಂಪರ್ಕ ಸಂಸ್ಥೆ 1995ರ ಆಗಸ್ಟ್ 15ರಂದು ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದಾಗ ಮನೆಯ ಗ್ರಾಹಕ 250 ಗಂಟೆಗೆ 5,000 ರೂಪಾಯಿ ಕಟ್ಟಬೇಕಿತ್ತು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಗಂಟೆಗೆ 20 ರೂಪಾಯಿ ಲೆಕ್ಕ, ಅದರ ಮೇಲೆ ಟೆಲಿಫೋನ್ ಬಿಲ್ಲು ಬೇರೆ. ಇವತ್ತು ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸಿನಲ್ಲೇ ಮನೆಗೆ ಫೈಬರ್ ಬರುತ್ತದೆ, ದಿನವಿಡೀ ಚಾಲೂ ಇರುತ್ತದೆ. ಬೆಲೆಯಲ್ಲೂ ವೇಗದಲ್ಲೂ ಇವೆರಡಕ್ಕೆ ಹೋಲಿಕೆಯೇ ಇಲ್ಲ. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಗ್ರಾಹಕನಿಗೆ ತಿಳಿಯುತ್ತದೆಯೇ ಎಂದು ಕೇಳಿದರೆ, ಆ ಒಂದು ವಿಷಯದಲ್ಲಿ ಹಳೆಯದೇ ಮುಂದಿತ್ತು.

ಫೋನ್ ಲೈನಿನ ಮೂಲಕ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುತ್ತಿದ್ದ ಡಯಲ್-ಅಪ್ ಮೋಡೆಮ್ ತನ್ನ ಕೆಲಸವನ್ನು ಗಟ್ಟಿಯಾಗಿ ಹೇಳಿಕೊಂಡೇ ಮಾಡುತ್ತಿತ್ತು. ಮೊದಲು ಡಯಲ್ ಟೋನ್, ಆಮೇಲೆ 172ರಿಂದ ಶುರುವಾಗುವ ಸಂಖ್ಯೆ, ಆಚೆಯ ಮೋಡೆಮ್‌ನ ಉದ್ದನೆಯ ಶಿಳ್ಳೆ, ಕೊನೆಗೆ ಎರಡೂ ಮೋಡೆಮ್‌ಗಳು ವೇಗ ನಿಗದಿ ಮಾಡಿಕೊಳ್ಳುವ ಕರಕರ ಸದ್ದು. ಯಾವ ಹಂತದಲ್ಲಿ ಸದ್ದು ನಿಂತಿತೋ ಅಲ್ಲೇ ದೋಷ. ವಿಂಡೋಸ್ ಕೂಡ ಸಂಖ್ಯೆಯಲ್ಲೇ ಹೇಳುತ್ತಿತ್ತು: 680 ಎಂದರೆ ಡಯಲ್ ಟೋನ್ ಇಲ್ಲ, 676 ಎಂದರೆ ಲೈನ್ ಬ್ಯುಸಿ, 678 ಎಂದರೆ ಆಚೆಯಿಂದ ಉತ್ತರವಿಲ್ಲ, 691 ಎಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಟೋನ್ ಕಿವಿಗೆ ಕೇಳಿಸುತ್ತಿದ್ದರೂ 680 ಬಂದರೆ, ನಮ್ಮ ಎಕ್ಸ್‌ಚೇಂಜಿನ ಟೋನನ್ನು ಹೊರದೇಶದ ಮೋಡೆಮ್ ಗುರುತಿಸುತ್ತಿಲ್ಲ ಎಂದರ್ಥ. ಮೋಡೆಮ್ ಸೆಟ್ಟಿಂಗಿನಲ್ಲಿ ಎಟಿಎಕ್ಸ್3 ಎಂಬ ಆಜ್ಞೆ ಸೇರಿಸಿದರೆ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತಿತ್ತು. ಹಳೆಯ ಎಕ್ಸ್‌ಚೇಂಜ್ ಇರುವ ಊರಿನಲ್ಲಿ ಟೋನ್ ಬದಲು ಪಲ್ಸ್ ಡಯಲಿಂಗ್ ಆರಿಸಬೇಕಿತ್ತು. ಮಳೆಗಾಲದಲ್ಲಿ ತಾಮ್ರದ ತಂತಿಯ ಜಾಯಿಂಟಿಗೆ ನೀರಿಳಿದರೆ ವೇಗ ಅರ್ಧಕ್ಕೆ ಬೀಳುತ್ತಿತ್ತು. ಮನೆಯಲ್ಲಿ ಇನ್ನೊಬ್ಬರು ಪ್ಯಾರಲಲ್ ಫೋನ್ ಎತ್ತಿದರೆ ಸಂಪರ್ಕವೇ ಹೋಯಿತು.

1998ರಲ್ಲಿ ವಿ.90 ಮಾನದಂಡ ಬಂದು 56ಕೆ ಮೋಡೆಮ್‌ಗಳು ಬಂದವು. ಡಬ್ಬದ ಮೇಲೆ 56 ಇದ್ದರೂ ಒಳ್ಳೆಯ ಲೈನಿನಲ್ಲಿ ಸಿಗುತ್ತಿದ್ದುದು 44 ಕಿಲೋಬಿಟ್ಟಿನ ಆಸುಪಾಸು. ಅಂದರೆ, 8 ಬಿಟ್ಟಿಗೆ ಒಂದು ಬೈಟಿನಂತೆ, ಸೆಕೆಂಡಿಗೆ ಸುಮಾರು 5 ಕಿಲೋಬೈಟ್. 5 ಎಂಬಿಯ ಒಂದು ಹಾಡಿಗೆ 17 ನಿಮಿಷ, 700 ಎಂಬಿಯ ಒಂದು ಸಿಡಿಗೆ ಸುಮಾರು 40 ಗಂಟೆ. 100 ಎಂಬಿಪಿಎಸ್ ಫೈಬರಿನಲ್ಲಿ ಅದೇ ಸಿಡಿ ಒಂದು ನಿಮಿಷದೊಳಗೆ ಬರುತ್ತದೆ. ಎರಡು ಸಾವಿರ ಪಟ್ಟಿಗೂ ಹೆಚ್ಚಿನ ವೇಗ.

ಈ ಗಳಿಕೆಯಲ್ಲಿ ದೊಡ್ಡ ಪಾಲನ್ನು ವೆಬ್ ಪುಟಗಳೇ ನುಂಗಿವೆ. ಸಾವಿರ ಪದಗಳ ಕನ್ನಡ ಲೇಖನದಲ್ಲಿ ಸುಮಾರು 9,000 ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಚಿಹ್ನೆಗಳಿದ್ದರೆ, ಒಂದಕ್ಕೆ 3 ಬೈಟಿನಂತೆ 27 ಕಿಲೋಬೈಟ್ ಆಯಿತು. ಡಯಲ್-ಅಪ್‌ನಲ್ಲೂ ಐದಾರು ಸೆಕೆಂಡಿನ ಕೆಲಸ. ಅದೇ ಲೇಖನ ಈಗ ಜಾಹೀರಾತು, ತಾನೇ ಓಡುವ ವಿಡಿಯೊ, ಹಿಂಬಾಲಿಸುವ ಸ್ಕ್ರಿಪ್ಟುಗಳ ಜೊತೆ 2 ಎಂಬಿ ದಾಟಿ ಬರುವುದು ಮಾಮೂಲು. ಓದುಗನಿಗೆ ಬೇಕಾದದ್ದು ಅದರಲ್ಲಿ ನೂರಕ್ಕೆ ಒಂದೆರಡು ಪಾಲು. ನೆಟ್‌ವರ್ಕ್ ಕ್ಷೀಣವಾಗಿರುವ ಮಲೆನಾಡಿನ ಹಳ್ಳಿಯಲ್ಲಿ ಮೊಬೈಲಿನಲ್ಲಿ ಓದುವವರಿಗೆ ಈ ಭಾರ ದಿನನಿತ್ಯದ ತೊಂದರೆ. ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿ, ವಿಡಿಯೊ ಆಟೋಪ್ಲೇ ಆಫ್ ಮಾಡಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ನಡುವಿನ ಕಾಲದ ಬಗ್ಗೆ ಎರಡೇ ಮಾತು. 2004ರ ನೀತಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತು. 2023ರಲ್ಲಿ ಆ ಕನಿಷ್ಠ ಮಿತಿ 2 ಎಂಬಿಪಿಎಸ್‌ಗೆ ಏರಿತು. 2005ರಲ್ಲಿ ಬಂದ ಬಿಎಸ್‌ಎನ್‌ಎಲ್ ಡೇಟಾವನ್ ಫೋನಿನ ತಂತಿಯಲ್ಲೇ ಓಡಿದರೂ ಮಾತು ಮತ್ತು ಇಂಟರ್ನೆಟ್ಟನ್ನು ಪುಟ್ಟ ಸ್ಪ್ಲಿಟರ್ ಡಬ್ಬಿಯಿಂದ ಬೇರ್ಪಡಿಸಿತು, ಫೋನ್ ಎತ್ತಿದರೆ ಲೈನ್ ಹೋಗುವ ಕಾಟ ತಪ್ಪಿತು.

ಈಗಿನ ಫೈಬರಿಗೆ ಬರೋಣ. ಇದು ಮಾತಾಡುವುದಿಲ್ಲ. ಕೆಟ್ಟರೆ ಒಂದು ಕೆಂಪು ದೀಪ, ಇಲ್ಲವೇ ದೀಪಗಳೆಲ್ಲ ಹಸಿರಿದ್ದೂ ಏನೂ ತೆರೆಯದಿರುವುದು. ಅದಕ್ಕೇ ಸಂಪರ್ಕ ಕೊಡಲು ಬಂದವರು ಇನ್ನೂ ಮನೆಯಲ್ಲಿರುವಾಗಲೇ ಕೆಲವನ್ನು ನೋಡಿಟ್ಟುಕೊಳ್ಳಬೇಕು. ಮೊದಲನೆಯದು ಬೆಳಕಿನ ಬಲ. ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿಯೇ ಒಎನ್‌ಟಿ. ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂದು ಇರುತ್ತದೆ. ಅದು ಮೈನಸ್ 15ರಿಂದ ಮೈನಸ್ 24 ಡಿಬಿಎಂ ನಡುವೆ ಇದ್ದರೆ ನೆಮ್ಮದಿ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕ್ಷೀಣ. ಮೈನಸ್ 27 ತೋರಿಸಿದರೆ ಇವತ್ತು ನಡೆದೀತು, ನಾಳೆ ಕನೆಕ್ಟರಿನಲ್ಲಿ ಸ್ವಲ್ಪ ಧೂಳು ಕೂತರೆ ಬೆಳಕು ತಲುಪುತ್ತಿಲ್ಲ ಎನ್ನುವ ಎಲ್‌ಒಎಸ್ ದೀಪ ಕೆಂಪಾಗುತ್ತದೆ. ಆ ಸಂಖ್ಯೆಯ ಫೋಟೊ ತೆಗೆದಿಡಿ. ಮುಂದೆ ದೂರು ಕೊಡುವಾಗ ಅದೇ ಸಾಕ್ಷಿ. ಎರಡನೆಯದು ಕನೆಕ್ಟರಿನ ಬಣ್ಣ. ಹಸಿರು ತುದಿಯ ಗಾಜನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಹಸಿರನ್ನು ನೀಲಿಗೆ ಚುಚ್ಚಿದರೆ ಕೂರುತ್ತದೆ, ಆದರೆ ಎರಡು ಮುಖಗಳು ಸರಿಯಾಗಿ ತಾಗದೆ ಬೆಳಕು ಸೋರುತ್ತದೆ. ಇನ್ನು ತಂತಿಯ ಬಳುಕು: ಬಾಗಿಲ ಸಂದಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಫೈಬರನ್ನು ಚೂಪಾಗಿ ಮಡಿಸಬಾರದು. ಸುರುಳಿ ಸುತ್ತುವುದಾದರೆ ಕಾಫಿ ಲೋಟದ ಬಾಯಷ್ಟಾದರೂ ಅಗಲ ಇರಲಿ.

ವೇಗ ಕಡಿಮೆ ಎಂದು ದೂರುವ ಮುನ್ನ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ ಅಳೆಯಿರಿ. ಅಲ್ಲಿ ಸರಿಯಿದ್ದು ಫೋನಿನಲ್ಲಿ ಕಡಿಮೆ ಬಂದರೆ ದೋಷ ವೈಫೈಯದು; 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ, ರೂಟರನ್ನು ಟಿವಿಯ ಹಿಂದಿನಿಂದ ಎತ್ತಿ ಬಯಲಿಗೆ ಇಡಿ. 200 ಎಂಬಿಪಿಎಸ್ ಪ್ಲಾನಿದ್ದೂ ಕೇಬಲಿನಲ್ಲಿ ಸರಿಯಾಗಿ 95ರ ಹತ್ತಿರ ನಿಂತರೆ ಎಲ್ಲೋ ಒಂದು ಪೋರ್ಟು 100ರದ್ದು, ಇಲ್ಲವೇ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕಡಿದಿದೆ. ಕೆಲವು ತಾಣಗಳು ಮಾತ್ರ ತೆರೆಯದಿದ್ದರೆ ರೂಟರಿನಲ್ಲಿ ಎಂಟಿಯು (ಒಂದು ಡೇಟಾ ಪೊಟ್ಟಣದ ಗರಿಷ್ಠ ಗಾತ್ರ) 1492 ಇದೆಯೇ ನೋಡಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಪಿಪಿಪಿಒಇ ವಿಧಾನ ಬಳಸುವ ಲೈನುಗಳಲ್ಲಿ 1500 ಬೈಟಿನ ಪೊಟ್ಟಣದಿಂದ 8 ಬೈಟು ಅದರ ತಲೆಬರಹಕ್ಕೇ ಹೋಗುತ್ತದೆ. ಈ ಪಿಪಿಪಿಒಇಯ ಒಳಗಿರುವುದು ಡಯಲ್-ಅಪ್ ಕಾಲದ ಅದೇ ಸಂಪರ್ಕ ಪದ್ಧತಿ, ಪಿಪಿಪಿ. ವಿಂಡೋಸಿನಿಂದ ನೇರವಾಗಿ ಲಾಗಿನ್ ಆಗಿ ಪಾಸ್‌ವರ್ಡ್ ತಪ್ಪಿದರೆ ಇಂದಿಗೂ ಬರುವುದು 691.

ಹಳೆಯದರಲ್ಲಿ ಸಿಗುತ್ತಿದ್ದು ಈಗ ಸಿಗದಿರುವ ಇನ್ನೊಂದಿದೆ. ಅಂದು ಪಿಪಿಪಿ ಖಾತೆಯಿಂದ ಡಯಲ್ ಮಾಡಿದ ಕಂಪ್ಯೂಟರಿಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಿಗುತ್ತಿತ್ತು, ಹೊರಗಿನವರು ನೇರವಾಗಿ ಅದನ್ನು ತಲುಪಬಹುದಿತ್ತು. ಈಗ ಬಹಳಷ್ಟು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಳ್ಳುತ್ತವೆ. ರೂಟರಿನ ಹೊರಬದಿಯ (ವ್ಯಾನ್) ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವೂ ಅವರಲ್ಲೊಬ್ಬರು. ಮನೆಯ ಸಿಸಿಟಿವಿ ಡಿವಿಆರ್ ಹೊರಗಿನಿಂದ ನೇರವಾಗಿ ಸಿಗದಿರಲು, ಹೊರಗಿನ ಕರೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಫಲ ಕೊಡದಿರಲು ಇದೇ ಕಾರಣ. ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಚಾಲೂ ಮಾಡಿಸಿಕೊಳ್ಳಿ, ಇಲ್ಲವೇ ಬದಲಾಗದ ಸ್ವಂತ ವಿಳಾಸಕ್ಕೆ, ಅಂದರೆ ಸ್ಟ್ಯಾಟಿಕ್ ಐಪಿಗೆ ಹೆಚ್ಚುವರಿ ಹಣ ಕೊಡಬೇಕು.

ಕನ್ನಡದ ಮಟ್ಟಿಗಂತೂ ಇಂದಿನದಕ್ಕೆ ಪೂರ್ತಿ ಅಂಕ. ಆ ಕಾಲದ ತಾಣಗಳು ಒಂದೊಂದು ಒಂದೊಂದು ಫಾಂಟಿಗೆ ಬರೆದಂಥವು; ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಲು ಆಗುತ್ತಿರಲಿಲ್ಲ. 1998ರಲ್ಲಿ ಬಂದ 'ಬರಹ' ಎಂಬ ತಂತ್ರಾಂಶ ಟೈಪಿಂಗ್ ಸಲೀಸು ಮಾಡಿತು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಫಾಂಟ್ ತಂದಿತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವವರು ಪರಿವರ್ತಕವನ್ನು ಮೊದಲು 'ಸೂರ್ಯ' ಎಂಬ ಪದದಲ್ಲಿ ಪರೀಕ್ಷಿಸಲಿ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು 'ಯ' ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ 'ರ' ಮೊದಲು ಬರಬೇಕು. ಕಳಪೆ ಪರಿವರ್ತಕ ಎಡವುವುದು ಇಲ್ಲೇ.

ಪ್ಲಾನ್ ಆರಿಸುವಾಗ ನಾಲ್ಕೈದು ಜನರ ಮನೆಗೆ 100 ಎಂಬಿಪಿಎಸ್ ಧಾರಾಳ ಸಾಕು. 'ಅನಿಯಮಿತ' ಎಂದಿದ್ದರೂ ಹಲವು ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ದಿನಕ್ಕೆ 110 ಜಿಬಿ ಆಯಿತು, ಸಾಮಾನ್ಯ ಮನೆ ಅದನ್ನು ಮುಟ್ಟುವುದಿಲ್ಲ.

ಕರೆಂಟಿನ ವಿಷಯ ಮಾತ್ರ ಮರೆಯಬೇಡಿ. ಹಳೆಯ ಟೆಲಿಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ಮಾಡಬಹುದಿತ್ತು. ಒಎನ್‌ಟಿಗೆ 12 ವೋಲ್ಟಿನ ಮಿನಿ ಯುಪಿಎಸ್ ಬೇಕು. ಡಬ್ಬದ ಮೇಲಿನ 8,800 ಎಂಎಎಚ್ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. ಗುಣಿಸಿದರೆ ಸುಮಾರು 32.5 ವ್ಯಾಟ್-ಅವರ್. 8 ವ್ಯಾಟ್ ಎಳೆಯುವ ಒಎನ್‌ಟಿಗೆ ನಷ್ಟ ಕಳೆದು ಮೂರು ಗಂಟೆ ಚಿಲ್ಲರೆ. ಆದರೆ ಯುಪಿಎಸ್ ಕೊಳ್ಳುವ ಮುನ್ನ ಫೈಬರ್ ನಿಜವಾಗಿ ಮನೆಯೊಳಗೆ ಬಂದಿದೆಯೇ, ಅಥವಾ ಕಟ್ಟಡದ ತಾರಸಿಯಲ್ಲಿ ಹಲವು ಮನೆಗಳಿಗೆ ಲೈನ್ ಹಂಚುವ ಸ್ವಿಚ್‌ವರೆಗೆ ಬಂದು ಅಲ್ಲಿಂದ ಲ್ಯಾನ್ ಕೇಬಲ್ ಎಳೆದಿದ್ದಾರೆಯೇ ನೋಡಿ. ಎರಡನೆಯದಾದರೆ ತಾರಸಿಯ ಸ್ವಿಚ್ಚಿಗೆ ಬ್ಯಾಟರಿ ಇದೆಯೇ ಎಂದು ಮೊದಲು ಕೇಳಿ.